ಬೆಟ್ಟಕ್ಕೆ ಬರುವ ಬೀಗರು

ನಮ್ಮ ಬೀಗರಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಯಾಕೆಂದರೆ ಮುಂದೆ ನಾನು ಬರೆಯುವುದನ್ನು ಓದಿದರೆ ನೀವು ಹಾಗೆ ಅಂದುಕೊಳ್ಳುವುದು ಖಂಡಿತ! ಬೆಟ್ಟದಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನವರು ಅಂದುಕೊಂಡರು. ಬೆಟ್ಟದ ಮೇಲಿನ ಅರ್ಚಕರು ಅಂದುಕೊಂಡರು. ಅಂತರಸಂತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಂದಿಡೀ ಗುಂಪು ಮೊದಲು ಜೀವಭಯದಿಂದ ಓಡಿ, ಆಮೇಲೆ ಉಸಿರು ತೆಗೆದುಕೊಳ್ಳಲು ನಿಂತು, ಹಾಗೇ ಅಂದುಕೊಂಡಿತು. ನನಗೂ ಒಂದೆರಡು ಸಲ ಅನುಮಾನ ಬಂದದ್ದುಂಟು. ಆದರೆ ಬೀಗರ ವಿಷಯದಲ್ಲಿ ಅಂಥ ಅನುಮಾನವನ್ನು ಬಾಯಿಬಿಟ್ಟು ಹೇಳುವುದುಂಟೆ?

ಸ್ವಂತ ತಮ್ಮನಾಗಿದ್ದರೆ ಬೈದು ಕೂರಿಸಬಹುದಿತ್ತು. ಬೀಗರನ್ನು ಬೈಯುವ ದಾರಿಯನ್ನು ನಮ್ಮ ಪಿರಿಯಾಪಟ್ಟಣದ ಸೀಮೆಯಲ್ಲಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಮಗಳನ್ನು ಕೊಟ್ಟ ಮನೆಯ ಯಜಮಾನರು ಅವರು. ಬಂದರೆ ಕೈಕಾಲಿಗೆ ನೀರು ಕೊಡಬೇಕು, ಚಾಪೆ ಹಾಸಬೇಕು, ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಇನ್ನೊಂದು ಸೌಟು ಸಾರು ಬಿಡಬೇಕು. ಅವರು "ಕೊಡಗಿನ ಕಡೆ ಕಾಡು ಬೆಟ್ಟದಲ್ಲಿ ಒಂದೇ ದಿನ ಐವತ್ತು ಕಿಲೋಮೀಟರ್ ಓಡೋಕೆ ಹೆಸರು ಬರೆಸಿವ್ನಿ" ಅಂದರೆ, "ಬಹಳ ಸಂತೋಷ ಬೀಗ್ರೇ" ಅನ್ನಬೇಕು. ನಾನು ಅಂದೆ ಕೂಡ. ಆಮೇಲೆ ಹಿತ್ತಿಲಿಗೆ ಹೋಗಿ ಎದೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತೆ.

ವಯಸ್ಸೆಷ್ಟು ಅಂತೀರಾ? ಅರವತ್ತು ದಾಟಿದೆ. ಮೊಮ್ಮಕ್ಕಳನ್ನು ಆಡಿಸಬೇಕಾದ ವಯಸ್ಸು ಎಂದು ಬರೆಯಲು ಹೊರಟಿದ್ದೆ. ಬೇಡ. ಮೊಮ್ಮಕ್ಕಳಿಲ್ಲ.

ನಮಗಿದ್ದವಳು ಒಬ್ಬಳೇ ಮಗಳು. ಅವರ ಮನೆಗೆ ಸೊಸೆಯಾಗಿ ಹೋಗಿದ್ದಳು. ಎರಡು ಮಳೆಗಾಲದ ಹಿಂದೆ ಒಂದು ಜ್ವರ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಯಾರ ತಪ್ಪೂ ಇರಲಿಲ್ಲ. ಯಾರದಾದರೂ ತಪ್ಪಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಗಳು ಹೋದ ಮೇಲೆ ಬೀಗರು ಏನಾಗುತ್ತಾರೆ? ತಿಥಿಯವರೆಗೆ ಬಂದು ಹೋಗಿ ಮಾಡುತ್ತಾರೆ. ಆಮೇಲೆ ಬರಲು ಕಾರಣವೇ ಇರುವುದಿಲ್ಲ. ಅಳಿಯ ಮೊದಮೊದಲು ಫೋನ್ ಮಾಡುತ್ತಿದ್ದ. "ಊಟ ಆಯ್ತಾ ಮಾವ?" ಅನ್ನುತ್ತಿದ್ದ. "ಆಯ್ತಪ್ಪ, ನಿಂದು?" ಅನ್ನುತ್ತಿದ್ದೆ. ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತಿತ್ತು. ಅವನಿಗೂ ಕಷ್ಟ, ನನಗೂ ಕಷ್ಟ. ನಿಧಾನವಾಗಿ ಅದೂ ನಿಂತಿತು. ಇನ್ನೂ ಹುಡುಗ ಅವನು. ಇವತ್ತಲ್ಲ ನಾಳೆ ಆ ಮನೆಗೆ ಬೇರೆ ಸೊಸೆ ಬರುತ್ತಾಳೆ, ಅವಳ ಹಿಂದೆ ಬೇರೆ ಬೀಗರು ಬರುತ್ತಾರೆ. ಇದು ನನಗೂ ಗೊತ್ತು, ನನ್ನ ಹೆಂಡತಿಗೂ ಗೊತ್ತು. ಮಗಳು ಬಾಳಿದ ಮನೆಯಿಂದ ಈಗ ನಮ್ಮ ಮನೆಗೆ ಬರುವ ಜೀವ ಇದೊಂದೇ. ಇವರೂ ಬರುವುದು ನಿಂತರೆ ಅವಳ ಹೆಸರು ಹೇಳಿಕೊಂಡು ನಮ್ಮ ಬಾಗಿಲಿಗೆ ಬರುವವರು ಇನ್ನು ಯಾರೂ ಇಲ್ಲ. ಹೀಗಿರುವಾಗ ಈ ಮನುಷ್ಯ ಬೆಟ್ಟ ಹತ್ತಿ ಹತ್ತಿ ಎಲ್ಲಾದರೂ ಬಿದ್ದುಬಿಟ್ಟರೆ?

ನನ್ನ ಪುಕ್ಕಲುತನಕ್ಕೆ ಕಾರಣ ಇಷ್ಟು. ಇನ್ನು ಅವರ ಕತೆಗೆ ಬರುತ್ತೇನೆ.

ನಮ್ಮ ಬೀಗರದು ಕೆ.ಆರ್. ನಗರದ ಕಡೆ ಸಾಲಿಗ್ರಾಮದ ಪಕ್ಕದ ಒಂದು ಊರು. ಭತ್ತದ ಬಯಲು. ಮೂವತ್ತು ವರ್ಷ ಅವರು ನಾಲೆಯ ನೀರುಗಂಟಿಯಾಗಿದ್ದವರು. ಅಂದರೆ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ರಾತ್ರಿ ಕದ್ದು ನೀರಿನ ಮಡೆ ಒಡೆದವರ ಜೊತೆ ಹಗಲು ಜಗಳವಾಡುವುದು. ಇದೆಲ್ಲ ನಾಲೆಯ ಏರಿಯ ಮೇಲೆ ನಡೆದುಕೊಂಡೇ ಆಗಬೇಕಾದ ಕೆಲಸ. ಹೀಗಾಗಿ ಸಮತಟ್ಟು ನೆಲದ ಮೇಲೆ ಆಯಾಸ ಎಂದರೇನು ಎಂದು ಅವರಿಗೆ ಗೊತ್ತೇ ಇಲ್ಲ. ಕೆಲಸದಿಂದ ನಿವೃತ್ತಿಯಾದ ಮೇಲೂ ಬೆಳಗಾದರೆ ಹೆಗಲ ಮೇಲೆ ಮಣ್ಣೆತ್ತುವ ಸನಿಕೆ ಇಟ್ಟುಕೊಂಡು ಏರಿಯ ಮೇಲೆ ಹೊರಟುಬಿಡುತ್ತಾರೆ. ತೂಬು ಬೇರೆಯವರದು, ನೀರು ಬೇರೆಯವರದು, ಕಾಳಜಿ ಮಾತ್ರ ಇವರದು!

ಒಂದು ಬೆಳಿಗ್ಗೆ ಇವರು ಹಾಗೆ ಹೋಗುತ್ತಿದ್ದಾಗ ಹಿಂದಿನಿಂದ ನಾಲ್ಕೈದು ಜನ ಹುಡುಗರು ಚಡ್ಡಿ ಹಾಕಿಕೊಂಡು ಏರಿಯ ಮೇಲೆ ಓಡಿಬಂದು ಇವರನ್ನು ದಾಟಿ ಮುಂದೆ ಹೋದರು. ನಾಲೆಯ ಏರಿಯ ಮೇಲೆ ಜನ ಓಡುತ್ತಿದ್ದಾರೆ ಅಂದರೆ ನೀರುಗಂಟಿಗೆ ಏನು ಅರ್ಥ? ಎಲ್ಲೋ ನಾಲೆ ಒಡೆದಿದೆ! ನಮ್ಮ ಬೀಗರು ಪಂಚೆ ಎತ್ತಿ ಕಟ್ಟಿ, ಸನಿಕೆ ಬಿಗಿಹಿಡಿದು, ಅವರ ಹಿಂದೆಯೇ ಓಡಿದರು. ಹಿಂದೆ ಸನಿಕೆ ಹಿಡಿದ ಮನುಷ್ಯನೊಬ್ಬ ಓಡಿಬರುವುದನ್ನು ಕಂಡ ಹುಡುಗರು ಇನ್ನೂ ಜೋರಾಗಿ ಓಡಿದರು. ಅವರು ಜೋರಾದಷ್ಟೂ ಇವರಿಗೆ ನಾಲೆ ಇನ್ನೂ ದೊಡ್ಡದಾಗಿ ಒಡೆದಂತೆ ಕಂಡಿತು. ಕೊನೆಗೆ ಹುಡುಗರೇ ಉಸಿರು ಸಿಕ್ಕಿಕೊಂಡು ನಿಂತರು.

"ಎಲ್ಲಿ ಒಡೀತ್ರಪ್ಪಾ?" ಅಂದರು ಇವರು.

"ಏನು ಅಂಕಲ್?"

"ನಾಲೆ ಕಣ್ರಲಾ!"

"ನಾಲೆ ಒಡೆದಿಲ್ಲ ಅಂಕಲ್, ನಾವು ಆರೋಗ್ಯಕ್ಕೆ ಅಂತ ಓಡ್ತಿದ್ದೀವಿ."

ಹುಡುಗರು ಕೆ.ಆರ್. ನಗರದ ಒಂದು ಓಟದ ಗುಂಪಿನವರು. ಈ ವಯಸ್ಸಿನವರು, ಬರಿಗಾಲಲ್ಲಿ, ಸನಿಕೆ ಹೊತ್ತು ತಮ್ಮನ್ನು ಅಟ್ಟಿಸಿಕೊಂಡು ಬಂದದ್ದು ನೋಡಿ ಬೆರಗಾಗಿ, ತಾವು ಹೋಗಲಿದ್ದ ಆ ಕೊಡಗಿನ ಬೆಟ್ಟದ ಓಟಕ್ಕೆ ಇವರ ಹೆಸರನ್ನೂ ಸೇರಿಸಿದರು. "ನೀವು ಯಾಕೆ ಒಪ್ಪಿದ್ರಿ ಬೀಗ್ರೇ?" ಎಂದು ನಾನು ಕೇಳಿದ್ದಕ್ಕೆ, "ಅಷ್ಟು ದೂರ ಓಡಿದ್ ಮೇಲೆ ಒಂದ್ ಕೆಲ್ಸನಾದ್ರೂ ಆಗ್ಬೇಕಲ್ವಾ? ನಾಲೆನೂ ಒಡೆದಿರ್ನಿಲ್ಲ" ಅಂದರು.

ಹುಡುಗರು ಒಂದೇ ಮಾತು ಹೇಳಿದ್ದರಂತೆ: "ಅಂಕಲ್, ನಿಮಗೆ ಓಟ ಬರುತ್ತೆ. ಬೆಟ್ಟ ಮಾತ್ರ ಅಭ್ಯಾಸ ಮಾಡಿಕೊಳ್ಳಿ." ಆದರೆ ಅವರ ಊರಿನಲ್ಲಿ ಬೆಟ್ಟ ಎಲ್ಲಿಂದ ಬರಬೇಕು? ನಾಲೆಯ ಏರಿ ಬಿಟ್ಟರೆ ಆ ಊರಿನ ಅತಿ ಎತ್ತರದ ಜಾಗ ಎಂದರೆ ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕು. ನಮ್ಮ ಬೀಗರು ಒಂದು ಸಂಜೆ ಅದರ ಮೆಟ್ಟಿಲು ಹತ್ತತೊಡಗಿದರು. ಮೇಲೆ ಹೋಗಿ ಒಂದು ಕ್ಷಣ ನಿಂತು ಕೆಳಗೆ ನೋಡುವುದು, ಇಳಿಯುವುದು, ಮತ್ತೆ ಹತ್ತುವುದು.

ಮನೆಯಲ್ಲಿ ಸಾವಾಗಿ ವರ್ಷ ಕಳೆದಿದೆ, ಮನೆಯ ಯಜಮಾನ ಟ್ಯಾಂಕಿನ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಾನೆ. ಊರಿನವರು ಏನೆಂದುಕೊಳ್ಳಬೇಕು? ಅರ್ಧ ಊರು ಟ್ಯಾಂಕಿನ ಕೆಳಗೆ ಸೇರಿತು. ಬೀಗಿತ್ತಿ ಎದೆ ಬಡಿದುಕೊಂಡು ಓಡಿಬಂದರು. ಯಾರೋ ಭತ್ತದ ಹುಲ್ಲಿನ ಹೊರೆ ತಂದು ಕೆಳಗೆ ಹರಡಿದರು.

"ಗೌಡ್ರೇ, ನಿಮ್ ಕಾಲಿಗ್ ಬೀಳ್ತೀವಿ, ಇಳ್ದುಬುಡಿ!"

ಮೇಲಿನಿಂದ ಇವರು, "ಇಳೀತೀನಿ ಕಣ್ರಪ್ಪಾ, ಇಳ್ದು ಇನ್ನೊಂದ್ ಕಿತ ಅತ್ತಬೇಕು!" ಅಂದರಂತೆ.

ಅವತ್ತೇ ಟ್ಯಾಂಕಿನ ಮೆಟ್ಟಿಲಿಗೆ ಬೀಗ ಬಿತ್ತು. ಮಾರನೆಯ ದಿನ ನನಗೆ ಫೋನ್ ಬಂತು. ಎಷ್ಟೋ ತಿಂಗಳಾದ ಮೇಲೆ ಅವರ ದನಿ ಕೇಳಿದ್ದು. "ಬೀಗ್ರೇ, ನಿಮ್ಮೂರ್ ಪಕ್ದಲ್ಲಿ ಬೆಟ್ಟ ಅದಲ್ವಾ?" ಅಂದರು. ಅದೇನು ಸಾಮಾನ್ಯ ಬೆಟ್ಟವೆ? ಬೆಟ್ಟದಪುರಕ್ಕೆ ಆ ಹೆಸರು ಬಂದದ್ದೇ ಅದರಿಂದ. ತುದಿಯಲ್ಲಿ ಮಲ್ಲಿಕಾರ್ಜುನಸ್ವಾಮಿ, ಬುಡದಿಂದ ತುದಿಯವರೆಗೆ ಕಲ್ಲು ಮೆಟ್ಟಿಲು. "ಅದೆ" ಅಂದೆ. "ಅಂಗಾರೆ ಬಾನ್ವಾರ ಬತ್ತೀನಿ" ಅಂದರು.

ಫೋನ್ ಇಟ್ಟು ಹೆಂಡತಿಗೆ ಹೇಳಿದೆ. ಮಗಳು ಹೋದಂದಿನಿಂದ ನಮ್ಮ ಮನೆಯಲ್ಲಿ ಅನ್ನ, ತಿಳಿಸಾರು, ಮಜ್ಜಿಗೆ, ಇಷ್ಟೇ. ಭಾನುವಾರ ಬೆಳಿಗ್ಗೆ ನನಗೆ ಎಚ್ಚರವಾದದ್ದು ಒರಳುಕಲ್ಲಿನ ಸದ್ದಿಗೆ. ಮಸಾಲೆ ಅರೆಯುತ್ತಿದ್ದಳು.

ಇಲ್ಲಿಂದ ಶುರುವಾಯಿತು ನೋಡಿ ತಾಪತ್ರಯ! ಬೀಗರು ಬೆಳಗಿನ ಬಸ್ಸಿಗೆ ಹುಣಸೂರಿನಲ್ಲಿ ಇಳಿದು, ಬಸ್ಸು ಬದಲಾಯಿಸಿ ಬಂದವರು, "ಏನೂ ಬ್ಯಾಡಿ ಅಕ್ಕಾ, ಎರಡು ಗೆಣಸು ಬೇಯ್ಸಿಕೊಡಿ, ಸಾಕು" ಅಂದುಬಿಟ್ಟರು. ಓಟದವರು ಹಾಗೆಲ್ಲ ಹಗುರವಾಗಿ ತಿನ್ನಬೇಕಂತೆ. ನನ್ನ ಹೆಂಡತಿಯ ಮುಖ ನೋಡಬೇಕಿತ್ತು.

"ಬೀಗರಿಗೆ ಗೆಣಸು ಬೇಯ್ಸಾಕಿ ಕಳಿಸಿದ್ಲು ಅಂತ ಸಾಲಿಗ್ರಾಮದವರೆಗೂ ಸುದ್ದಿಯಾಗ್ಲಿ ಅಂತಾನಾ?" ಎಂದು ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು. ಗೆಣಸು ಕೇಳಿದವರು ಅವರು, ಬೈಸಿಕೊಂಡವನು ನಾನು!

ಕೊನೆಗೆ ಒಂದು ಒಪ್ಪಂದವಾಯಿತು. ಹತ್ತುವ ಮೊದಲು ಗೆಣಸು. ಇಳಿದು ಬಂದ ಮೇಲೆ ಮುದ್ದೆ, ನಾಟಿಕೋಳಿ ಸಾರು. ಮೊದಲ ಭಾನುವಾರ ಹೀಗೆ ನಡೆದಾಗ ನನಗೊಂದು ಸತ್ಯ ಹೊಳೆಯಿತು. ಕೋಳಿ ತಿಂದ ಮೇಲೆ ದೇವರ ಬೆಟ್ಟ ಹತ್ತುವಂತಿಲ್ಲ! ಅಂದರೆ ಊಟವಾದ ಕ್ಷಣಕ್ಕೆ ಅವತ್ತಿನ ಓಟವೂ ಬಂದ್. ಹೆದರಿಕೆಯ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಬ್ರೇಕು ಬೇಕೆ? ಎರಡನೆಯ ವಾರ ಕ್ಯಾರಿಯರ್‌ನಲ್ಲಿ ಸಾರು ತುಂಬಿಸಿಕೊಂಡು ನಾನೇ ಬೆಟ್ಟದ ಬುಡಕ್ಕೆ ಹೋದೆ. ಅವರು ಮೂರು ಸಲ ಇಳಿದು ಬರುವಷ್ಟರಲ್ಲಿ ಮುಚ್ಚಳ ತೆಗೆದೆ. ಮುಂದಿನ ವಾರ ಎರಡನೆಯ ಸಲಕ್ಕೇ ತೆಗೆದೆ. ಅದರ ಮುಂದಿನ ವಾರ ಅವರು ಮೊದಲ ಸಲ ಇಳಿದು ಬರುವುದನ್ನೇ ಕಾಯುತ್ತಿದ್ದೆ.

ಅವರು ಕ್ಯಾರಿಯರ್ ನೋಡಿದರು, ನನ್ನನ್ನು ನೋಡಿದರು, ಸೂರ್ಯನನ್ನು ನೋಡಿದರು.

"ಬೀಗ್ರೇ, ಬೆಳಿಗ್ಗೆ ಎಂಟು ಗಂಟೆಗೆ ಯಾರಾದ್ರೂ ಕೋಳಿ ಸಾರು ಉಣ್ತಾರ್ರೀ?"

"ಆರಿಹೋಯ್ತದೆ ಅಂತ..."

"ಅದು ಆರಾಕ್ಕಿಲ್ಲ ಬುಡಿ, ನೀವು ಬೆವರ್ತಾ ಇದ್ದೀರಲ್ಲ, ಅದ್ನ ಆರಿಸ್ಕಳಿ" ಎಂದು ಮತ್ತೆ ಮೆಟ್ಟಿಲು ಹತ್ತಿಬಿಟ್ಟರು.

ಹುಡುಗರ ಗುಂಪು ಇವರಿಗೆ ಬೆಟ್ಟದ ಓಟದ ಬೂಟು ತಂದುಕೊಟ್ಟಿತ್ತು. ಅಡಿಯಲ್ಲಿ ಟ್ರ್ಯಾಕ್ಟರ್ ಟೈರಿನ ಹಾಗೆ ಹಲ್ಲುಗಳು. ಆದರೆ ದೇವರ ಬೆಟ್ಟಕ್ಕೆ ಮೆಟ್ಟು ಹಾಕಿಕೊಂಡು ಹತ್ತುವುದುಂಟೆ? ಅವರ ಮನಸ್ಸೂ ಒಪ್ಪಲಿಲ್ಲ. ಸರಿ, ರಸ್ತೆಯಲ್ಲಾದರೂ ಹಾಕಿಕೊಳ್ಳಿ ಅಂದರೆ, "ಒಸಾದು ಕಣ್ರೀ, ಓಟದ ದಿನಕ್ಕೇ ಇರ್ಲಿ" ಅಂದರು. ಯುಗಾದಿಗೆ ತಂದ ಅಂಗಿಯನ್ನು ಯುಗಾದಿಯ ಹಿಂದಿನ ದಿನ ಹಾಕಿಕೊಳ್ಳುತ್ತಾರೆಯೆ? ಹಾಗೆ! ಆದರೂ ಬೂಟಿನ ಭಾರ ಅಭ್ಯಾಸವಾಗಲಿ ಎಂದು ಎರಡರ ದಾರವನ್ನೂ ಗಂಟು ಹಾಕಿ ಕೊರಳಿಗೆ ಹಾರದಂತೆ ತೂಗಿಹಾಕಿಕೊಂಡು, ಬರಿಗಾಲಲ್ಲಿ ಹತ್ತುತ್ತಿದ್ದರು. ಇಳಿದು ಬರುವ ಭಕ್ತರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಇದು ಯಾವ ಹರಕೆಯೋ ಎಂದು ಕೆಲವರು ಕೈಯನ್ನೂ ಮುಗಿದರು.

ಮೇಲಿನ ಅರ್ಚಕರಿಗೂ ಅದೇ ಚಿಂತೆ. ಮೊದಲ ಸಲ ಬಂದಾಗ ತೀರ್ಥ ಕೊಟ್ಟರು. ಎರಡನೆಯ ಸಲ ಮತ್ತೆ ಕೊಟ್ಟರು. ನಾಲ್ಕನೆಯ ಸಲ ಬೆವರು ಸುರಿಸುತ್ತ ಬಾಗಿಲಲ್ಲಿ ನಿಂತಾಗ ಅವರಿಗೂ ಗಾಬರಿಯಾಯಿತಂತೆ.

"ಸ್ವಾಮಿ, ಅಂಥದ್ದೇನು ಕಷ್ಟ ನಿಮಗೆ? ಒಂದು ಸಲ ಕೇಳಿಕೊಂಡ್ರೂ ಅವನಿಗೆ ಕೇಳಿಸುತ್ತೆ."

"ಕಷ್ಟ ಏನಿಲ್ಲ ಸ್ವಾಮಿ, ಬೆಟ್ಟ ಅತ್ತಕ್ಕೆ ಬಂದಿವ್ನಿ."

"ಹತ್ತಿ ಆಯ್ತಲ್ಲ?"

"ಅದುಕ್ಕೇ ಇಳಿತಾ ಇವ್ನಿ."

ಇಷ್ಟೆಲ್ಲ ನಡೆಯುವಾಗ ನಾನು ಬುಡದ ಕಲ್ಲಿನ ಮೇಲೆ ಕೂತಿರುತ್ತಿದ್ದೆ. ಬರಿಗೈಯಲ್ಲಿ ಅಲ್ಲ! ಕ್ಯಾರಿಯರ್ ಒಂದೇ ಅಲ್ಲ, ಗ್ಲೂಕೋಸ್ ಪುಡಿ, ನಿಂಬೆಹಣ್ಣು, ಟವೆಲ್ಲು, ಛತ್ರಿ, ಉಳುಕಿಗೆ ಹಚ್ಚುವ ಎಣ್ಣೆ. ಪರಿಚಯದ ಆಟೋದವನಿಗೆ ಅಲ್ಲೇ ಮರದ ಕೆಳಗೆ ನಿಲ್ಲಲು ಹೇಳಿರುತ್ತಿದ್ದೆ. ಮಗಳ ಜ್ವರದ ದಿನ ಮಧ್ಯಾಹ್ನ ಹೊರಡುವ ಬದಲು ಬೆಳಿಗ್ಗೆಯೇ ಹೊರಟಿದ್ದರೆ, ಬೆಳಿಗ್ಗೆಯ ಬದಲು ಹಿಂದಿನ ದಿನವೇ ಹೊರಟಿದ್ದರೆ ಎಂದು ಲೆಕ್ಕ ಹಾಕಿ ಹಾಕಿ ನನಗೆ ಗಾಡಿಯಿಲ್ಲದೆ ಎಲ್ಲೂ ಕೂರಲು ಆಗುವುದಿಲ್ಲ. ಬೆಟ್ಟದ ಒಂದು ತಿರುವಿನಲ್ಲಿ ಅವರು ಬಂಡೆಯ ಹಿಂದೆ ಮರೆಯಾಗುತ್ತಾರೆ. ಮತ್ತೆ ಕಾಣಿಸುವವರೆಗೆ ನಾನು ಉಸಿರಾಡಿದ ನೆನಪಿಲ್ಲ.

ಹುಡುಗರು ಕೊಟ್ಟ ಒಂದು ಕೈಗಡಿಯಾರವೂ ಅವರ ಹತ್ತಿರ ಇತ್ತು. ಅದು ಹೊತ್ತು ತೋರಿಸುವುದಲ್ಲದೆ ಎದೆಬಡಿತವನ್ನೂ ತೋರಿಸುತ್ತದೆ. ಒಂದು ದಿನ ಅವರು ಇಳಿದು ಬಂದ ತಕ್ಷಣ ನಾನು ತಡೆಯಲಾರದೆ, "ಬೀಗ್ರೇ, ಎದೆ ಎಷ್ಟು ಹೊಡ್ಕತಾ ಅದೆ, ಸ್ವಲ್ಪ ನೋಡಿ" ಎಂದು ಬೇಡಿಕೊಂಡೆ. ನೋಡಿದರು, ನನಗೂ ತೋರಿಸಿದರು. ಆಮೇಲೆ ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದರು. ಇಬ್ಬರೂ ಬಗ್ಗಿ ನೋಡಿದೆವು. ಬೆಟ್ಟ ಹತ್ತಿ ಇಳಿದವರಿಗಿಂತ ಕಲ್ಲಿನ ಮೇಲೆ ಕೂತವನ ಎದೆಯೇ ಹೆಚ್ಚು ಹೊಡೆದುಕೊಳ್ಳುತ್ತಿತ್ತು!

"ನಿಮ್ ಆಟೋ ನಿಮ್ಗೇ ಬೇಕಾಯ್ತದೆ ಕಣ್ರೀ" ಅಂದರು.

ಒಂದು ಭಾನುವಾರ ಕಾಡಿನ ಕಡೆಯ ಏರುತಗ್ಗು ರಸ್ತೆ ಅಭ್ಯಾಸವಾಗಲಿ ಎಂದು ಎಚ್.ಡಿ. ಕೋಟೆಯ ಕಡೆ ಹೊರಟರು. ಅವರನ್ನು ಒಬ್ಬರನ್ನೇ ಬಿಡುವುದುಂಟೆ? ನಾನೂ ಹೋದೆ. ಅಂತರಸಂತೆಯಲ್ಲಿ ಇಳಿದು ಅವರು ಕಾಕನಕೋಟೆಯ ದಿಕ್ಕಿಗೆ, ಕಾಡು ಶುರುವಾಗುವ ಮೊದಲೇ ತಿರುಗುತ್ತೇನೆ ಎಂದು ಮಾತು ಕೊಟ್ಟು ಓಡಿದರು. ನಾನು ಬಸ್‌ಸ್ಟಾಪಿನಲ್ಲಿ ಕೂತೆ. ಸಂತೆಗೆ ಹೋಗುವವರು, ಹೆಂಗಸರು, ಗೊಬ್ಬರದ ಚೀಲ ಇಟ್ಟುಕೊಂಡವರು, ಸಾಕಷ್ಟು ಜನ ಇದ್ದರು.

ಬಹಳ ಹೊತ್ತಾದ ಮೇಲೆ ರಸ್ತೆಯ ತುದಿಯಲ್ಲಿ ಬೀಗರು ಕಾಣಿಸಿದರು. ಬರಿಗಾಲು, ಎತ್ತಿ ಕಟ್ಟಿದ ಪಂಚೆ, ಹಾರುವ ಟವೆಲ್ಲು, ಕೊರಳಲ್ಲಿ ಬೂಟು. ಕಾಡಿನ ಕಡೆಯಿಂದ ಒಬ್ಬ ಮನುಷ್ಯ ಹೀಗೆ ಓಡಿಬರುತ್ತಿದ್ದರೆ ಆ ಊರಿನವರಿಗೆ ಅದಕ್ಕೆ ಒಂದೇ ಅರ್ಥ.

"ಆನೆ!" ಎಂದು ಯಾರೋ ಕೂಗಿದರು.

ಚೀಲ ಅಲ್ಲಲ್ಲೇ ಬಿದ್ದವು. ಅಂಗಡಿಯ ಬಾಗಿಲು ದಡದಡ ಇಳಿಯಿತು. ಬಸ್‌ಸ್ಟಾಪಿಗೆ ಬಸ್‌ಸ್ಟಾಪೇ ಎದ್ದು ಓಡಿತು. ನಾನು? ಬರುತ್ತಿರುವವರು ನಮ್ಮ ಬೀಗರು, ಅವರು ಓಟ ಅಭ್ಯಾಸ ಮಾಡುತ್ತಿದ್ದಾರೆ, ಇದೆಲ್ಲ ಚೆನ್ನಾಗಿ ಗೊತ್ತಿದ್ದ ನಾನೂ ಎಲ್ಲರಿಗಿಂತ ಮುಂದೆ ಓಡಿದೆ! ಇತ್ತ ಎದುರಿಗಿದ್ದ ಜನವೆಲ್ಲ ದಿಕ್ಕೆಟ್ಟು ಓಡುವುದನ್ನು ಕಂಡ ಬೀಗರು, ತಮ್ಮ ಹಿಂದೆ ನಿಜವಾಗಿಯೂ ಏನೋ ಬರುತ್ತಿದೆ ಎಂದು ಹೆದರಿ ಇನ್ನೂ ಜೋರಾಗಿ ಓಡಿಬಂದರು. ಶಾಲೆಯ ಕಾಂಪೌಂಡಿನ ಹತ್ತಿರ ಎಲ್ಲರೂ ಒಟ್ಟಿಗೆ ನಿಂತೆವು.

"ಎಲ್ಲಿ ಆನೆ?" ಅಂದರು ಜನ.

"ನನ್ನೇನ್ ಕೇಳ್ತೀರಿ? ನಾನು ನಿಮ್ಮನ್ ನೋಡ್ಕಂಡು ಓಡಿದ್ದು!" ಅಂದರು ಬೀಗರು.

ಮುಂದಿನದನ್ನು ಬರೆಯುವುದಿಲ್ಲ. ಆ ಊರಿನವರು ಒಳ್ಳೆಯವರು. ನಮ್ಮನ್ನು ಬರೀ ಬಾಯಲ್ಲಿ ಬೈದು ಬಸ್ಸು ಹತ್ತಿಸಿದರು. ಆ ಸಂಜೆ ನನ್ನ ಹೆಂಡತಿಗೆ ಇದನ್ನು ಹೇಳುತ್ತಿದ್ದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುವುದನ್ನೇ ನೋಡಿ ಅಭ್ಯಾಸವಾಗಿದ್ದ ನನಗೆ, ಅವಳು ನಗುತ್ತಿದ್ದಾಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಓಟಕ್ಕೆ ಕೆಲವೇ ವಾರ ಉಳಿದಿತ್ತು. ಒಂದು ಭಾನುವಾರ ಬೀಗರು ಬರಲಿಲ್ಲ. ಬೆಳಗಿನ ಬಸ್ಸು ಬಂತು, ಹೋಯಿತು. ಅದರ ನಂತರದ್ದೂ ಹೋಯಿತು. ಫೋನ್ ಸ್ವಿಚ್ ಆಫ್. ನಾನು ಮನೆಗೂ ಬಸ್‌ಸ್ಟ್ಯಾಂಡಿಗೂ ಎಷ್ಟು ಸಲ ನಡೆದೆನೋ, ಅವತ್ತು ಐವತ್ತು ಕಿಲೋಮೀಟರ್ ಮುಗಿಸಿದವನು ನಾನೇ ಇರಬೇಕು. ಎಲ್ಲೋ ನಾಲೆಯ ಏರಿಯ ಮೇಲೆ ಬಿದ್ದಿದ್ದಾರೆ, ಯಾರೂ ನೋಡಿಲ್ಲ. ನನಗೆ ಕಣ್ಣ ಮುಂದೆ ಅದೇ ಚಿತ್ರ. ಹೆಂಡತಿ ಬೆಂದ ಸಾರನ್ನು ಒಲೆಯಿಂದ ಇಳಿಸುವುದು, ಮತ್ತೆ ಇಡುವುದು, ಇದನ್ನೇ ಮಾಡುತ್ತಿದ್ದಳು.

ಮಧ್ಯಾಹ್ನ ಕಳೆದ ಮೇಲೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾಲಲ್ಲಿ ಚಪ್ಪಲಿ. ಹಣೆಯಲ್ಲಿ ಕುಂಕುಮ, ಬಾಯಲ್ಲಿ ಎಲೆಅಡಿಕೆಯ ಕೆಂಪು. ಕೊರಳಲ್ಲಿ ಬೂಟಿಲ್ಲ.

"ಒಂದ್ ಕಡೆ ಓಗ್ಬೇಕಾಗಿತ್ತು" ಅಂದರು. ಅಷ್ಟೇ. ನಮ್ಮ ಮುಖ ನೋಡಲಿಲ್ಲ. ಎಲೆಯ ಮುಂದೆ ಕೂತು, ಬಡಿಸಿದ್ದನ್ನು ತಲೆಬಗ್ಗಿಸಿ ಉಂಡರು. ಎರಡು ಸಲ "ಅಕ್ಕಾ" ಎಂದು ಬಾಯಿ ತೆರೆದರು. ನನ್ನ ಹೆಂಡತಿ ಎರಡು ಸಲವೂ ಸಾರು ಬಡಿಸಿದಳು. ಕೈತೊಳೆದು, ಇವತ್ತು ಒಂದು ಸಲವಾದರೂ ಬೆಟ್ಟ ಹತ್ತಿಬರುತ್ತೇನೆ ಎಂದು ಎದ್ದವರು ಕೋಳಿ ತಿಂದದ್ದು ನೆನಪಾಗಿ ಮತ್ತೆ ಕೂತರು. ಹಾಗೆಯೇ ಸಂಜೆಯ ಬಸ್ಸಿಗೆ ಹೋದರು.

"ಹೆಣ್ಣು ನೋಡಕ್ಕೆ ಹೋಗಿದ್ರು" ಅಂದಳು ಹೆಂಡತಿ, ಎಲೆ ತೆಗೆಯುತ್ತ.

"ಇರಬಹುದು."

"ಹೇಳ್ಲಿಲ್ಲ."

"ಎಂಗೆ ಹೇಳ್ತಾರೆ?"

ಎಲೆ ಹೊರಗೆ ಹಾಕಿ ಬಂದು ಅವಳೇ ಅಂದಳು: "ಓಟ ಮುಗಿದ ಮೇಲೆ ಇನ್ ಬರಲ್ಲ ಬುಡಿ."

ಅಲ್ಲಿಂದ ಮುಂದೆ ನನ್ನ ಪ್ರಾರ್ಥನೆ ಕೆಟ್ಟುಹೋಯಿತು. ಬೆಟ್ಟದ ಬುಡದಲ್ಲಿ ಕೂತು ಮಲ್ಲಿಕಾರ್ಜುನನಿಗೆ, "ಈ ಓಟ ಸುಸೂತ್ರವಾಗಿ ಮುಗಿಸಿಕೊಡಪ್ಪ" ಎಂದು ಕೈಮುಗಿಯುತ್ತಿದ್ದೆ. ಆ ಕೈ ಕೆಳಗಿಳಿಸುವ ಮೊದಲೇ, "ಮುಗಿಯೋದೇ ಬೇಡಪ್ಪ" ಎಂದೂ ಕೇಳಿಕೊಳ್ಳುತ್ತಿದ್ದೆ. ದೇವರಾದರೂ ಯಾವುದನ್ನು ನಡೆಸಬೇಕು?

ಓಟದ ದಿನ ಬಂದೇ ಬಂತು. ಹಿಂದಿನ ದಿನವೇ ನಾನೂ ಬೀಗರೂ ಕೊಡಗಿನ ಕಡೆಗೆ ಹೋಗಿ ಇಳಿದುಕೊಂಡಿದ್ದೆವು. ಓಡುವವರ ಕಡೆಯವರು ನಿಲ್ಲಬಹುದಾದ ಕೊನೆಯ ಜಾಗ ಒಂದು ಕಾಫಿ ತೋಟದ ಪಕ್ಕದ ರಸ್ತೆಯಲ್ಲಿತ್ತು. ಅಲ್ಲಿ ಒಂದು ಮೋರಿ, ಒಂದು ಶಾಮಿಯಾನ, ನೀರಿನ ಡ್ರಮ್ಮು. ಗೊತ್ತಾದ ಹೊತ್ತಿನೊಳಗೆ ಅಲ್ಲಿಗೆ ಬಂದವರನ್ನು ಮಾತ್ರ ಕೊನೆಯ ಬೆಟ್ಟಕ್ಕೆ ಬಿಡುತ್ತಾರೆ. ಹೊತ್ತು ಮೀರಿದರೆ ದಾರಿಗೆ ಹಗ್ಗ ಕಟ್ಟುತ್ತಾರೆ. ಹಗ್ಗದ ತುದಿ ಹಿಡಿದು ಒಬ್ಬ ಹುಡುಗಿ ನಿಂತಿದ್ದಳು.

ಕೆ.ಆರ್. ನಗರದ ಹುಡುಗರೆಲ್ಲ ದಾಟಿಹೋದರು. ಬಿಸಿಲು ಇಳಿಯಿತು. ನಮ್ಮ ಬೀಗರ ಸುಳಿವಿಲ್ಲ. ನನ್ನ ಕೈಯಲ್ಲಿದ್ದ ನಿಂಬೆಹಣ್ಣನ್ನು ಹಿಸುಕಿ ಹಿಸುಕಿ ಸಿಪ್ಪೆ ಮಾತ್ರ ಉಳಿದಿತ್ತು.

"ಕಾಲಿಗೆ ಏನೂ ಆಗಿಲ್ಲ ಅಂಕಲ್, ಅವರು ಪ್ರತಿ ಬೆಟ್ಟದ ಕೆಳಗೆ ಬೂಟು ಬಿಚ್ಚುತ್ತಾ ಇದ್ದಾರೆ" ಅಂದ ಹಿಂದಿನ ಬೆಟ್ಟ ಇಳಿದು ಬಂದ ಒಬ್ಬ ಓಟಗಾರ. "ಕೇಳಿದ್ರೆ, ಬೆಟ್ಟ ಅಂದ ಮೇಲೆ ಮೇಲೆ ಯಾವುದಾದ್ರೂ ಒಂದು ದೇವರು ಇದ್ದೇ ಇರ್ತದೆ ಅಂತಾರೆ!"

ಹುಡುಗಿ ಹಗ್ಗ ಎತ್ತಿಕೊಳ್ಳುವ ಹೊತ್ತಿಗೆ ತಿರುವಿನಲ್ಲಿ ಕಾಣಿಸಿದರು. ಮೈಯೆಲ್ಲ ಕೆಸರು. ಬೂಟು ಮತ್ತೆ ಕೊರಳಿಗೆ ಬಂದಿತ್ತು. ಹಿಮ್ಮಡಿಯಲ್ಲಿ ಬೊಬ್ಬೆ. ನೇರವಾಗಿ ಬಂದವರು ಮುಂದೆ ಹೋಗದೆ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ಬೀಗ್ರೇ, ಏಳಿ! ಹಗ್ಗ ಕಟ್ಟಿಬುಡ್ತಾರೆ!"

"ಒಂದ್ ಮಾತು ಏಳ್ಬೇಕು."

"ಆಮೇಲೆ ಹೇಳೀರಂತೆ, ಏಳಿ."

"ಆಮೇಲೆ ಆಗಕ್ಕಿಲ್ಲ. ಪ್ರತಿ ವಾರ ಏಳ್ಬೇಕು ಅಂತ್ಲೇ ನಿಮ್ ಮನೆಗೆ ಬತ್ತಿದ್ದೆ. ಅಕ್ಕನ ಮಕ ನೋಡಿದ್ರೆ ಬಾಯ್ ಬತ್ತಿರ್ನಿಲ್ಲ. ಇಳ್ದ್ ಬಂದು ಏಳನ ಅಂತ ಬೆಟ್ಟ ಅತ್ತಿಬುಡ್ತಿದ್ದೆ. ಇಳ್ದ್ ಮೇಲೂ ಬತ್ತಿರ್ನಿಲ್ಲ. ಇನ್ನೊಂದ್ ಕಿತ ಅತ್ತತಿದ್ದೆ." ಉಸಿರು ಎಳೆದುಕೊಂಡರು. "ಉಡುಗನ್ಗೆ ಯೆಣ್ಣು ನೋಡ್ತಾ ಇದ್ದೊ, ಈಗ ಗೊತ್ತಾಯ್ತು ಬೀಗ್ರೇ. ಅವ್ನು ಬ್ಯಾಡ ಬ್ಯಾಡ ಅಂತಿದ್ದ. ನಾನೇ ಒಪ್ಸಿದ್ದು."

"ಅಂಕಲ್, ಟೈಮ್!" ಅಂದಳು ಹುಡುಗಿ.

ಗೊತ್ತಿದ್ದ ಮಾತೇ. ಆದರೂ ಅದು ಬಾಯಿಂದ ಹೊರಗೆ ಬಂದಾಗ ನನಗೆ ಕಾಫಿ ಗಿಡಗಳು, ಶಾಮಿಯಾನ, ಹುಡುಗಿ ಎಲ್ಲ ಒಂದು ಕ್ಷಣ ದೂರ ಸರಿದಂತಾಯಿತು. ಬೆಟ್ಟಗಳನ್ನು ದಾಟಿ ಬಂದ ಆ ಮನುಷ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

"ಇನ್ಮೇಲೆ ಯಾವ ಮಕ ಒತ್ಕಂಡು ನಿಮ್ ಬಾಗ್ಲಿಗೆ ಬರ್ಲಿ, ಏಳಿ? ಅಕ್ಕ ಬಡ್ಸಿದ್ನ ಎಂಗೆ ಉಣ್ಲಿ?"

ನಾನು ಕೆಳಗೆ ಕೂತೆ. ಅವರ ಕೊರಳಿನ ಬೂಟು ತೆಗೆದು, ನನ್ನ ಟವೆಲ್ಲಿನಿಂದ ಅವರ ಪಾದದ ಕೆಸರು ಒರೆಸಿದೆ. ಬೀಗರು ಬೀಗರ ಕಾಲು ಮುಟ್ಟುವುದೆ ಎಂದು ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ನಾನು ಬಿಡಲಿಲ್ಲ. ಬೂಟು ಹಾಕಿ ದಾರ ಕಟ್ಟಿದೆ. ಮದುವೆಯ ದಿನ ಅವರ ಮಗನ ಕಾಲು ತೊಳೆದದ್ದೂ ಇದೇ ಕೈಯಲ್ಲಿ.

"ನಿಮ್ಗೆ ಇನ್ನೆಷ್ಟು ಜನ ಬೀಗರಾದ್ರೂ ಆಗ್ಲಿ ಬೀಗ್ರೇ," ಅಂದೆ, "ಬೆಟ್ಟ ಇರೋದು ನಮ್ಮೂರಲ್ಲಿ."

ಅವರು ಟವೆಲ್ಲು ಸರಿಸಿ ನನ್ನನ್ನು ನೋಡಿದರು. ಎದ್ದು, ಕುಂಟುತ್ತ ಓಡಿದರು. ಹಗ್ಗ ಹಿಡಿದ ಹುಡುಗಿ ಅವರು ದಾಟುವವರೆಗೆ ತನ್ನ ಗಡಿಯಾರ ನೋಡಲಿಲ್ಲ. ಆಚೆ ಹೋಗಿ, ಮರಗಳ ನಡುವೆ ಏರು ಶುರುವಾಗುವಲ್ಲಿ ನಿಂತು ಅವರು ತಿರುಗಿ ಕೂಗಿದರು:

"ಬೀಗ್ರೇ! ಈ ಬಾನ್ವಾರ ಕಾಲು ಬರಾಕ್ಕಿಲ್ಲ ಕಣ್ರೀ, ಬೆಟ್ಟ ಅತ್ತಕ್ಕಾಗಕ್ಕಿಲ್ಲ!"

"ಅತ್ತಬ್ಯಾಡಿ!" ಎಂದು ನಾನೂ ಕೂಗಿದೆ. "ಸುಮ್ನೆ ಬನ್ನಿ!"